ಉರಿಯೂತವೂ ‘ಬೇಡ’ವೆನ್ನುವ ಅಕ್ಷರಗಳೂ

ಅಂಗಾಲಿಗೆ ಒಂದು ಮುಳ್ಳು ಚುಚ್ಚಿತೆನ್ನಿ. ಮುಳ್ಳನ್ನು ಕಿತ್ತೆಸೆದು ನೀವು ಮರೆತರೂ ಮೈ ಮರೆಯುವುದಿಲ್ಲ. ಮರುದಿನ ಬೆಳಗಾಗುವ ಹೊತ್ತಿಗೆ ಆ ಜಾಗ ಕೆಂಪೇರಿ, ಬಿಸಿಯಾಗಿ, ಬಾತುಕೊಂಡು, ಮಿಡಿಮಿಡಿದು ನೋಯುತ್ತದೆ. ಕೆಂಪು, ಊತ, ಬಿಸಿ, ನೋವು ಎಂಬ ಈ ನಾಲ್ಕು ಲಕ್ಷಣಗಳನ್ನು ಒಟ್ಟಿಗೆ ಎಣಿಸಿ ಹೇಳಿದವನು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್. ವೈದ್ಯ ವಿದ್ಯಾರ್ಥಿಗಳು ಅವನ ಈ ಪಟ್ಟಿಯನ್ನು ಇಂದಿಗೂ ಬಾಯಿಪಾಠ ಮಾಡುತ್ತಾರೆ. ನಮ್ಮ ಕನ್ನಡವಾದರೋ ‘ಉರಿ’ ಮತ್ತು ‘ಊತ’ ಎಂಬ ಎರಡು ಮಾತುಗಳ ನಡುವೆ ಯಕಾರವನ್ನು ಆಗಮವಾಗಿ ತಂದು, ‘ಉರಿಯೂತ’ ಎಂಬ ಒಂದೇ ಪದದಲ್ಲಿ ಈ ಸಂಗತಿಯನ್ನು ಹಿಡಿದಿಟ್ಟಿದೆ.

ಆ ಪದದ ಮೊದಲ ಭಾಗವನ್ನು ಗಮನಿಸಿ. ಉರಿ ಕೆಟ್ಟದ್ದಲ್ಲ. ಒಲೆಯಲ್ಲಿ ಉರಿಯಿಲ್ಲದಿದ್ದರೆ ಮನೆಮಂದಿಗೆ ಅನ್ನವಿಲ್ಲ. ಮುಳ್ಳಿನೊಡನೆ ಒಳಹೊಕ್ಕ ಕ್ರಿಮಿಗಳನ್ನು ಸುಟ್ಟು, ಹಾಳಾದ ಅಂಗಾಂಶವನ್ನು ತೆಗೆದು, ಹೊಸದನ್ನು ಕಟ್ಟಲು ಅಣಿಮಾಡುವುದೇ ಉರಿಯೂತದ ಕಾರ್ಯ. ಈ ಉರಿ ಹೊತ್ತದ ಶರೀರ ಸಣ್ಣದೊಂದು ಗಾಯದಿಂದಲೂ ಉಳಿಯಲಾರದು. ಆದರೆ ಅಡುಗೆಯಾದ ಮೇಲೆ ಒಲೆಯನ್ನು ಆರಿಸಬೇಕಲ್ಲವೆ? ಆರದ ಉರಿ ಕೀಲುಗಳಲ್ಲಿ ನಿಂತರೆ ರುಮಟಾಯ್ಡ್ ಸಂಧಿವಾತ. ಚರ್ಮ, ಕೀಲು, ಮೂತ್ರಪಿಂಡ ಮೊದಲಾದ ಹಲವೆಡೆ ಹಬ್ಬಿದರೆ ಲೂಪಸ್. ಕರುಳಿನಲ್ಲಿ ನಿಂತರೆ ದೀರ್ಘಕಾಲದ ಕರುಳುಬೇನೆ. ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುವ ರೋಗದಲ್ಲಿಯೂ ಈ ಮಂದವಾದ ಉರಿಯ ಕೈವಾಡವಿದೆ.

ಹಾಗಾದರೆ ಉರಿಯನ್ನು ಹೊತ್ತಿಸುವವರು ಯಾರು ಎಂಬುದಕ್ಕಿಂತ, ಆರಿಸುವವರು ಯಾರು ಎಂಬ ಪ್ರಶ್ನೆಯೇ ಹೆಚ್ಚು ಮುಖ್ಯವಾಗುತ್ತದೆ. ಅದಕ್ಕೆ ಇತ್ತೀಚಿನ ವಿಜ್ಞಾನ ಕೊಟ್ಟಿರುವ ಉತ್ತರಗಳಲ್ಲಿ ಒಂದು ವಿಸ್ಮಯಕರವಾಗಿದೆ. ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ, ಇಪ್ಪತ್ತೆರಡರಷ್ಟೇ ಅಕ್ಷರಗಳ ಕೆಲವು ತುಣುಕುಗಳು ಈ ಕೆಲಸದಲ್ಲಿ ತೊಡಗಿವೆ. ಅವುಗಳ ಪರಿಚಯವನ್ನು ಇಲ್ಲಿ ಸ್ಥೂಲವಾಗಿ ಮಾಡಿಕೊಡುವುದು ನನ್ನ ಉದ್ದೇಶ.

ಮೊದಲು ಜೀವಕೋಶದ ಒಳಾಡಳಿತವನ್ನು ಸ್ವಲ್ಪ ನೋಡೋಣ. ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ, ನಮ್ಮ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಡಿ.ಎನ್.ಎ. ಎಂಬ ನೀಳವಾದ ಎಳೆಗಳಿವೆ. ಅದೊಂದು ಮಹಾಗ್ರಂಥ. ಅದರ ಲಿಪಿಯಲ್ಲಿರುವುದು ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳು. ಆದರೆ ಗ್ರಂಥದ ಉದ್ದ ಸುಮಾರು ೩೦೦ ಕೋಟಿ ಅಕ್ಷರ. ಈ ಗ್ರಂಥ ಭಂಡಾರವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಪುಟವನ್ನಷ್ಟೇ ನಕಲು ಮಾಡಿಕೊಂಡು ಹೊರಗೆ ಒಯ್ಯುವ ನಿರೂಪವೊಂದಿದೆ. ಅದಕ್ಕೆ ದೂತ ಆರ್.ಎನ್.ಎ. ಎಂದು ಹೆಸರು. ಕೋಶದ ಕಾರ್ಖಾನೆಗಳು ಆ ನಿರೂಪವನ್ನು ಓದಿ ಪ್ರೋಟೀನುಗಳನ್ನು ಕಟ್ಟುತ್ತವೆ. ಮಾಂಸಖಂಡ, ಜೀರ್ಣರಸ, ಇನ್ಸುಲಿನ್ ಎಲ್ಲವೂ ಹೀಗೆ ಸಿದ್ಧವಾದವುಗಳೇ.

ಇಪ್ಪತ್ತನೆಯ ಶತಮಾನದ ಬಹುಭಾಗ ಜೀವವಿಜ್ಞಾನಿಗಳ ದೃಷ್ಟಿಯಲ್ಲಿ ಪ್ರೋಟೀನೇ ಫಲ, ಆರ್.ಎನ್.ಎ. ಕೇವಲ ಅಂಚೆಯವನು. ಪ್ರೋಟೀನನ್ನು ಕಟ್ಟಲು ನೆರವಾಗುವ ಬೇರೆ ಎರಡು ಬಗೆಯ ಆರ್.ಎನ್.ಎ.ಗಳು ೧೯೫೦ರ ದಶಕದಲ್ಲಿಯೇ ಗೊತ್ತಾಗಿದ್ದವು. ಅವುಗಳನ್ನೂ ಸಹಾಯಕರೆಂದು ಬದಿಗಿರಿಸಲಾಗಿತ್ತು. ಮಾನವನ ಜೀನುಗ್ರಂಥವನ್ನು ಓದುವ ಯೋಜನೆ ೨೦೦೩ರಲ್ಲಿ ಮುಗಿದು, ಉಳಿದ ಎಡೆಗಳು ೨೦೨೨ರ ಹೊತ್ತಿಗೆ ತುಂಬಿದಾಗ ಕಂಡದ್ದೇನು? ಪ್ರೋಟೀನಿಗೆ ನಿರೂಪ ಬರೆಯುವ ಜೀನುಗಳು ಸುಮಾರು ೨೦ ಸಾವಿರ ಮಾತ್ರ. ಪ್ರೋಟೀನಾಗಿ ಪರಿಣಮಿಸುವ ಅಕ್ಷರಗಳು ನೂರರಲ್ಲಿ ಎರಡಕ್ಕಿಂತಲೂ ಕಡಿಮೆ. ಉಳಿದ ತೊಂಬತ್ತೆಂಟು ಪಾಲು ಏನು? ಜಪಾನೀ ವಿಜ್ಞಾನಿ ಸುಸುಮು ಓನೊ ೧೯೭೨ರಷ್ಟು ಹಿಂದೆಯೇ ಇಂಥ ಭಾಗಕ್ಕೆ ‘ಕಸ’ ಎಂಬ ಮಾತನ್ನು ಬಳಸಿದ್ದರು. ಆ ಮಾತು ನಿಂತುಬಿಟ್ಟಿತು.

ಆ ತೊಂಬತ್ತೆಂಟು ಪಾಲೂ ಅರ್ಥವತ್ತಾದುದೆಂದು ಈಗ ಹೇಳಹೊರಟರೆ ಅದೂ ಅತಿಯಾದೀತು. ಎಷ್ಟು ಭಾಗಕ್ಕೆ ಕೆಲಸವಿದೆ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಅದರಲ್ಲಿ ಒಂದಂಶವಂತೂ ಕಸವಲ್ಲ. ಪ್ರೋಟೀನಾಗದೆ, ಆರ್.ಎನ್.ಎ. ಆಗಿಯೇ ಉಳಿದು, ಇತರ ನಿರೂಪಗಳನ್ನು ತಿದ್ದುವ, ತಡೆಯುವ ಕೆಲಸ ಅದರದು. ಇವುಗಳಿಗೆ ಸಂಕೇತರಹಿತ ಆರ್.ಎನ್.ಎ. ಎಂದು ಹೆಸರು: ಪ್ರೋಟೀನಿನ ಸಂಕೇತ ಇಲ್ಲದವು ಎಂದರ್ಥ.

ಕನ್ನಡ ಓದುವವರಿಗೆ ಇದು ಹೊಸ ಮಾತಾಗಬೇಕಿಲ್ಲ. ನಮ್ಮ ಭಾಷೆಯಲ್ಲಿ ‘ಮರ’ ಎಂದರೆ ಒಂದು ವಸ್ತು ಕಣ್ಣಿಗೆ ಕಟ್ಟುತ್ತದೆ. ‘ತೆರೆ’ ಎಂದರೆ ಒಂದು ಕೆಲಸ ಕಾಣುತ್ತದೆ. ‘ಬೇಡ’ ಎಂಬ ಮಾತು ಯಾವ ವಸ್ತುವನ್ನೂ ಹೆಸರಿಸದು, ಯಾವ ಕೆಲಸವನ್ನೂ ತೋರದು. ಆದರೂ ‘ಬಾಗಿಲು ತೆರೆ’ ಎಂಬ ಅಪ್ಪಣೆಯ ಬಾಲಕ್ಕೆ ಅದು ಬಂದು ಸೇರಿಕೊಂಡರೆ ‘ತೆರೆಯಬೇಡ’ ಎಂದಾಗಿ, ಬಾಗಿಲು ಮುಚ್ಚಿಯೇ ಉಳಿಯುತ್ತದೆ. ನಾಮಪದ, ಕ್ರಿಯಾಪದಗಳನ್ನು ಮಾತ್ರ ಎಣಿಸಿ ಮಿಕ್ಕದ್ದನ್ನು ಕಸವೆಂದು ಗುಡಿಸಿಹಾಕಿದ ವ್ಯಾಕರಣಕಾರನ ಕೈಯಲ್ಲಿ ವಾಕ್ಯದ ಅರ್ಥವೇ ತಲೆಕೆಳಗಾಗುವುದಿಲ್ಲವೆ?

ಜೀವಕೋಶದ ಈ ‘ಬೇಡ’ವನ್ನು ಮೊದಲು ತೋರಿಸಿಕೊಟ್ಟದ್ದು ಒಂದು ಮಿಲಿಮೀಟರಿನಷ್ಟೇ ಉದ್ದದ ಹುಳು. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಎಂಬ ಇಬ್ಬರು ವಿಜ್ಞಾನಿಗಳು, ಮಣ್ಣಿನಲ್ಲಿ ವಾಸಿಸುವ ಸಿ. ಎಲಿಗನ್ಸ್ ಎಂಬ ಈ ಹುಳುವಿನ ಬೆಳವಣಿಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಲಿನ್-೪ ಎಂಬ ಜೀನು ಕೆಟ್ಟ ಹುಳುಗಳು ಎಳೆತನದ ಹಂತವನ್ನೇ ಮತ್ತೆ ಮತ್ತೆ ನಡೆಸುತ್ತ, ಪ್ರಾಯಕ್ಕೆ ಸರಿಯಾಗಿ ಕಾಲಿಡುತ್ತಿರಲಿಲ್ಲ. ಆಂಬ್ರೋಸ್ ಮತ್ತು ಅವರ ಸಹೋದ್ಯೋಗಿಗಳಾದ ರೊಸಾಲಿಂಡ್ ಲೀ, ರೋಂಡಾ ಫೈನ್‌ಬಾಮ್ ಆ ಜೀನನ್ನು ಹುಡುಕಿ ತೆಗೆದಾಗ, ಅದು ಯಾವ ಪ್ರೋಟೀನನ್ನೂ ಮಾಡುತ್ತಿರಲಿಲ್ಲ! ಅದರಿಂದ ಹುಟ್ಟುತ್ತಿದ್ದದ್ದು ೨೨ ಅಕ್ಷರಗಳ ಒಂದು ಆರ್.ಎನ್.ಎ. ತುಣುಕು. ಇತ್ತ ರವ್‌ಕುನ್ ಅವರು ಲಿನ್-೧೪ ಎಂಬ ಬೇರೊಂದು ಜೀನಿನ ನಿರೂಪವನ್ನು ಓದುತ್ತಿದ್ದರು. ಇಬ್ಬರೂ ತಮ್ಮತಮ್ಮ ಅಕ್ಷರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಲಿನ್-೧೪ರ ನಿರೂಪದ ಬಾಲದಲ್ಲಿದ್ದ ಅಕ್ಷರಗಳಿಗೆ ಲಿನ್-೪ರ ಅಕ್ಷರಗಳು ಜೋಡಿಯಾಗಿ ಕೂಡುತ್ತಿದ್ದವು. ಹಾಗೆ ಕೂಡಿದೊಡನೆ ಆ ನಿರೂಪದಿಂದ ಪ್ರೋಟೀನು ಹುಟ್ಟುವುದು ತಡೆಯುತ್ತಿತ್ತು.

ಈ ಶೋಧ ೧೯೯೩ರಲ್ಲಿ ಎರಡು ಲೇಖನಗಳಾಗಿ ಪ್ರಕಟವಾಯಿತು. ಲೋಕ ಅದನ್ನು ಹುಳುವಿನ ಒಂದು ವಿಚಿತ್ರ ಸ್ವಭಾವವೆಂದು ಭಾವಿಸಿ ಸುಮ್ಮನಾಯಿತು. ಏಳು ವರ್ಷಗಳ ಅನಂತರ, ೨೦೦೦ದಲ್ಲಿ, ರವ್‌ಕುನ್ ಅವರ ತಂಡ ಲೆಟ್-೭ ಎಂಬ ಇನ್ನೊಂದು ತುಣುಕನ್ನು ಕಂಡಿತು. ಅದು ಹುಳುವಿನಲ್ಲಿ ಮಾತ್ರವಲ್ಲ, ನೊಣದಲ್ಲಿಯೂ ಮೀನಿನಲ್ಲಿಯೂ ಮನುಷ್ಯನಲ್ಲಿಯೂ ಇತ್ತು. ಆಗ ಎಲ್ಲರೂ ಎಚ್ಚೆತ್ತು ಹುಡುಕತೊಡಗಿದರು. ಸೂಕ್ಷ್ಮ ಆರ್.ಎನ್.ಎ. ಎಂಬ ಈ ತುಣುಕುಗಳನ್ನು ಹುಟ್ಟಿಸುವ ಜೀನುಗಳು ಮನುಷ್ಯನಲ್ಲಿ ಸಾವಿರಕ್ಕೂ ಮೇಲ್ಪಟ್ಟು ಇವೆಯೆಂದು ಈಗ ತಿಳಿದಿದೆ. ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ ೨೦೨೪ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಇನ್ನು ನಮ್ಮ ಉರಿಯೂತಕ್ಕೆ ಬರೋಣ. ಚರ್ಮದ ಕೆಳಗೆ ಭಕ್ಷಕ ಕೋಶಗಳೆಂಬ ಕಾವಲುಗಾರರಿದ್ದಾರೆ. ಕ್ರಿಮಿಯ ಹೊರಕವಚ ಸೋಕಿತೆಂದರೆ ಕಾವಲುಗಾರ ಒಳಗೆ ಸುದ್ದಿ ಕಳಿಸುತ್ತಾನೆ. ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ಹಾಗೆ ದಾಟಿಸುವ ಪ್ರೋಟೀನುಗಳಲ್ಲಿ ಇರಾಕ್-೧, ಟ್ರಾಫ್-೬ ಎಂಬ ಎರಡು ಮುಖ್ಯವಾದವು. ಕೊನೆಗೆ, ಅದುವರೆಗೆ ಕಟ್ಟಿಹಾಕಿದಂತಿದ್ದ ಎನ್.ಎಫ್. ಕಪ್ಪಾ ಬಿ ಎಂಬ ಅಧಿಕಾರಿ ಬಂಧನ ಕಳಚಿಕೊಂಡು ಕೋಶಕೇಂದ್ರವನ್ನು ಹೊಕ್ಕು, ಉರಿಯನ್ನು ಎಬ್ಬಿಸುವ ನೂರಾರು ಪುಟಗಳನ್ನು ತೆರೆಯುತ್ತಾನೆ. ರಕ್ತನಾಳಗಳು ಹಿಗ್ಗುತ್ತವೆ, ಬಿಳಿಯ ರಕ್ತಕಣಗಳು ಓಡಿಬರುತ್ತವೆ, ನೀರು ಜಿನುಗಿ ಊತವಾಗುತ್ತದೆ.

ಇಲ್ಲಿಯವರೆಗಿನ ಕಥೆ ಹಳೆಯದು. ಹೊಸ ಅಧ್ಯಾಯ ಬಂದದ್ದು ೨೦೦೬ರಲ್ಲಿ. ೧೯೭೫ರ ನೊಬೆಲ್ ಪುರಸ್ಕೃತರಾದ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಶಾಲೆ ಕ್ಯಾಲಿಫೋರ್ನಿಯದಲ್ಲಿ ಒಂದು ಸಂಗತಿಯನ್ನು ಕಂಡುಕೊಂಡಿತು. ಎನ್.ಎಫ್. ಕಪ್ಪಾ ಬಿ ತೆರೆಯುವ ಪುಟಗಳಲ್ಲಿಯೇ ಒಂದು, ೧೪೬-ಎ ಎಂಬ ಸೂಕ್ಷ್ಮ ಆರ್.ಎನ್.ಎ.ಯ ಪುಟ. ಅದು ಹುಟ್ಟಿ ಹೋಗಿ ಕೂಡುವುದು ಯಾವ ನಿರೂಪಗಳಿಗೆ ಗೊತ್ತೆ? ಸುದ್ದಿಯನ್ನು ದಾಟಿಸಿದ ಆ ಇರಾಕ್-೧, ಟ್ರಾಫ್-೬ಗಳ ನಿರೂಪಗಳಿಗೇ. ಅವುಗಳ ಬಾಲಕ್ಕೆ ‘ಬೇಡ’ ಸೇರಿತು, ಸುದ್ದಿಗಾರರ ಸಂಖ್ಯೆ ಕಡಿಮೆಯಾಯಿತು, ಕೂಗು ತಗ್ಗಿತು. ಎಂದರೆ, ಉರಿಯನ್ನು ಹೊತ್ತಿಸಿದ ಕೈಯೇ ಅದೇ ಗಳಿಗೆಯಲ್ಲಿ ಅದನ್ನು ಆರಿಸುವ ಆಜ್ಞೆಯನ್ನೂ ಬರೆದಿಟ್ಟಿರುತ್ತದೆ!

ಆ ಆಜ್ಞೆ ಇಲ್ಲದಿದ್ದರೆ ಏನಾದೀತು? ಇದಕ್ಕೂ ಪರೀಕ್ಷೆಯಾಗಿದೆ. ೧೪೬-ಎ ಇಲ್ಲದಂತೆ ಮಾಡಿದ ಇಲಿಗಳ ವೃತ್ತಾಂತ ೨೦೧೧ರಲ್ಲಿ ಪ್ರಕಟವಾಯಿತು. ಕ್ರಿಮಿಯ ವಿಷವನ್ನು ಚುಚ್ಚಿದಾಗ ಅವುಗಳ ಮೈ ಮಿತಿಮೀರಿ ಕೆರಳುತ್ತಿತ್ತು. ವಯಸ್ಸಾದಂತೆ ಗುಲ್ಮ ಹಿಗ್ಗಿತು, ರೋಗನಿರೋಧಕ ಕೋಶಗಳು ಸ್ವಂತ ಅಂಗಗಳ ಮೇಲೆಯೇ ತಿರುಗಿಬಿದ್ದವು, ಕೆಲವಕ್ಕೆ ಗಂತಿಗಳೂ ಎದ್ದವು. ಇಪ್ಪತ್ತೆರಡು ಅಕ್ಷರಗಳು ಕಾಣೆಯಾದುದಕ್ಕೆ ಇಷ್ಟು ಅನರ್ಥ!

ಎಲ್ಲ ತುಣುಕುಗಳೂ ಉರಿಯನ್ನು ಆರಿಸುವವೆಂದು ತಿಳಿಯಬಾರದು. ೧೫೫ ಎಂಬ ಹೆಸರಿನ ಸೂಕ್ಷ್ಮ ಆರ್.ಎನ್.ಎ. ಅದೇ ಭಕ್ಷಕ ಕೋಶದಲ್ಲಿ ಅದೇ ಕೂಗಿಗೆ ಹುಟ್ಟಿಬರುತ್ತದೆ. ಆದರೆ ಅದು ಉರಿಗೆ ಸೌದೆಯನ್ನು ನೂಕುತ್ತದೆ. ಇದು ಹೇಗೆ ಸಾಧ್ಯ, ಸೂಕ್ಷ್ಮ ಆರ್.ಎನ್.ಎ.ಯ ಕೆಲಸ ‘ಬೇಡ’ ಎನ್ನುವುದಲ್ಲವೆ ಎಂದು ನೀವು ಕೇಳಬಹುದು. ಉತ್ತರ ವ್ಯಾಕರಣದಲ್ಲಿಯೇ ಇದೆ. ‘ಮಾಡದೆ ಇರಬೇಡ’ ಎಂದರೆ ‘ಮಾಡು’ ಎಂದೇ ಅರ್ಥ. ಕೋಶದಲ್ಲಿ ಉರಿಯನ್ನು ತಡೆಯುವ ಶಿಪ್-೧, ಸಾಕ್ಸ್-೧ ಎಂಬ ಪ್ರೋಟೀನುಗಳಿವೆ. ೧೫೫ ಹೋಗಿ ಕೂಡುವುದು ಅವುಗಳ ನಿರೂಪಕ್ಕೆ. ತಡೆಯನ್ನೇ ತಡೆದರೆ ಉರಿ ಏಳದೆ ಇನ್ನೇನಾದೀತು? ೧೫೫ ಇಲ್ಲದ ಇಲಿಗಳಿಗೆ ಲಸಿಕೆ ಹಾಕಿದರೂ ರಕ್ಷಣೆ ಸರಿಯಾಗಿ ಹುಟ್ಟುವುದಿಲ್ಲವೆಂದು ೨೦೦೭ರಲ್ಲಿ ತಿಳಿಯಿತು. ಮುಂದೆ ಅಂಥ ಇಲಿಗಳಲ್ಲಿ ಪ್ರಯೋಗಕ್ಕಾಗಿ ಸಂಧಿವಾತವನ್ನು ಹುಟ್ಟಿಸಹೋದರೆ, ಅವು ಅದಕ್ಕೆ ಸುಲಭವಾಗಿ ಬಗ್ಗಲಿಲ್ಲ. ಒಂದೇ ತುಣುಕು ಕ್ರಿಮಿಯ ಎದುರು ಕಾಯುವುದೂ ಹೌದು, ಕೀಲನ್ನು ಸುಡಲು ನೆರವಾಗುವುದೂ ಹೌದು. ಆರೋಗ್ಯವೆಂಬುದು ಇವೆರಡರ ತೂಗಿನಲ್ಲಿದೆ.

ಇದೆಲ್ಲ ಇಲಿಗಳ ಮಾತಾಯಿತು; ಮನುಷ್ಯರ ಸಂಗತಿ ಏನು? ಲೂಪಸ್ ರೋಗಿಗಳ ರಕ್ತಕಣಗಳಲ್ಲಿ ೧೪೬-ಎ ಕಡಿಮೆಯಿರುವುದನ್ನು ೨೦೦೯ರಲ್ಲಿ ಚೀನದ ವಿಜ್ಞಾನಿಗಳು ತೋರಿಸಿದರು. ರುಮಟಾಯ್ಡ್ ಸಂಧಿವಾತದಲ್ಲಿ ಚಿತ್ರ ಇನ್ನೂ ತೊಡಕಾಗಿದೆ. ಅಲ್ಲಿ ರೋಗಿಗಳ ಕೀಲಿನ ಒಳಪೊರೆಯಲ್ಲಿ ೧೫೫ ಮತ್ತು ೧೪೬-ಎ ಎರಡೂ ಏರಿರುವುದು ೨೦೦೮ರಲ್ಲಿ ಕಂಡುಬಂತು. ಸೌದೆ ನೂಕುವವನೂ ನೀರು ಸುರಿಯುವವನೂ ಇಬ್ಬರೂ ದುಡಿಯುತ್ತಿದ್ದರೂ ಉರಿ ಆರುತ್ತಿಲ್ಲ. ‘ಬೇಡ’ ಎಂಬ ಆಜ್ಞೆ ಬರೆದದ್ದಾಗಿದೆ, ಅದು ನಡೆಯುತ್ತಿಲ್ಲ.

ಸಂಕೇತರಹಿತ ಆರ್.ಎನ್.ಎ.ಗಳಲ್ಲಿ ಕಿರಿಯವಲ್ಲದೆ ಇನ್ನೂರಕ್ಕಿಂತ ಹೆಚ್ಚು ಅಕ್ಷರಗಳ ನೀಳವಾದವೂ ಇವೆ. ಗೋಧಿಯಲ್ಲಿರುವ ಗ್ಲೂಟನ್ ಎಂಬ ಅಂಟನ್ನು ಕೆಲವರ ಸಣ್ಣ ಕರುಳು ಸಹಿಸದೆ ಉರಿಯುತ್ತದೆ. ಆ ರೋಗಕ್ಕೆ ಸೀಲಿಯಾಕ್ ಎಂದು ಹೆಸರು. ಕರುಳಿನ ಉರಿಯ ಪುಟಗಳನ್ನು ಮುಚ್ಚಿಡುವ ಲಿಂಕ್-೧೩ ಎಂಬ ನೀಳ ಆರ್.ಎನ್.ಎ. ಆ ರೋಗಿಗಳಲ್ಲಿ ಕುಗ್ಗಿರುವುದನ್ನು ೨೦೧೬ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಕರ್ ಘೋಷ್ ಅವರ ತಂಡ ವರದಿ ಮಾಡಿತು.

ಮತ್ತೊಂದು ನೀಳ ಆರ್.ಎನ್.ಎ.ಯ ಕಥೆಯನ್ನು ಹೆಣ್ಣುಮಕ್ಕಳಿರುವ ಮನೆಯವರೆಲ್ಲ ಕೇಳಬೇಕು. ಲೂಪಸ್ ರೋಗ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಆಯಾಸ, ಕೀಲುನೋವು, ಬಿಟ್ಟುಬಿಟ್ಟು ಬರುವ ಜ್ವರ, ಕೆಲವರಿಗೆ ಕೆನ್ನೆ ಮೂಗುಗಳ ಮೇಲೆ ಚಿಟ್ಟೆಯ ರೆಕ್ಕೆಯಂಥ ಕೆಂಪು. ಇವನ್ನು ಹೇಳಿಕೊಂಡ ಎಷ್ಟೋ ಹೆಂಗಸರಿಗೆ ಸಿಗುವ ಉತ್ತರ, ‘ಏನೂ ಇಲ್ಲ, ಎಲ್ಲ ಮನಸ್ಸಿನ ಭ್ರಮೆ’ ಎಂದು. ಭ್ರಮೆಯಲ್ಲ. ಸ್ತ್ರೀಯರ ಕೋಶಗಳಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿದ್ದು, ಅವುಗಳಲ್ಲಿ ಒಂದನ್ನು ಮುಚ್ಚಿಡಬೇಕಾಗುತ್ತದೆ. ಹಾಗೆ ಮುಚ್ಚಿಡುವುದು ೧೯೯೧ರಲ್ಲಿ ಪತ್ತೆಯಾದ ಎಕ್ಸಿಸ್ಟ್ ಎಂಬ, ಸುಮಾರು ೧೭ ಸಾವಿರ ಅಕ್ಷರಗಳ ಆರ್.ಎನ್.ಎ. ಅದು ಹಲವಾರು ಪ್ರೋಟೀನುಗಳನ್ನು ಮೈಗೆ ಅಂಟಿಸಿಕೊಂಡು ಆ ವರ್ಣತಂತುವನ್ನು ಕಂಬಳಿಯಂತೆ ಹೊದೆಯುತ್ತದೆ. ಕೋಶ ಸತ್ತು ಒಡೆದಾಗ ಈ ಕಂಬಳಿಯ ಚಿಂದಿಗಳು ಹೊರಬಿದ್ದು, ಅವುಗಳನ್ನು ಪರಕೀಯವೆಂದು ಎಣಿಸುವ ಪ್ರತಿಕಾಯಗಳು ಏಳಲು ಕಾರಣವಾಗಬಹುದು. ೨೦೨೪ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲೂಪಸ್ಸಿಗೆ ಸುಲಭವಾಗಿ ತುತ್ತಾಗುವ ತಳಿಯ ಗಂಡು ಇಲಿಗಳಲ್ಲಿ ಎಕ್ಸಿಸ್ಟ್ ಹುಟ್ಟುವಂತೆ ಮಾಡಿದರು. ರೋಗವನ್ನು ಕೆರಳಿಸುವ ಮದ್ದು ಕೊಟ್ಟಾಗ, ಆ ಗಂಡುಗಳಿಗೂ ಹೆಣ್ಣುಗಳ ಸಮೀಪಕ್ಕೆ ರೋಗ ಬಂದಿತು. ಕಾರಣ ಇದೊಂದೇ ಅಲ್ಲದಿರಬಹುದು. ಆದರೆ ಹೆಣ್ಣಿನ ನೋವಿಗೆ ಕೋಶದೊಳಗೆ ಒಂದು ನಿಜವಾದ ಆಧಾರವಿದೆಯೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಔಷಧ ಬಂದಿತೆ? ಇಲ್ಲಿ ಆತುರ ಸಲ್ಲದು. ಕಿರಿಯ ಆರ್.ಎನ್.ಎ. ತುಣುಕನ್ನು ಹೊರಗಿನಿಂದ ಕೊಟ್ಟು ಬೇಡದ ನಿರೂಪವನ್ನು ಅಡಗಿಸಬಹುದೆಂಬ ಮಾರ್ಗ ತೆರೆದದ್ದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರ ೧೯೯೮ರ ಶೋಧದಿಂದ. ಅದಕ್ಕೆ ೨೦೦೬ರಲ್ಲಿ ನೊಬೆಲ್ ಬಂದಿತು. ಆ ಮಾರ್ಗದ ಮೊದಲ ಔಷಧ ಪಾಟಿಸಿರಾನ್ ೨೦೧೮ರಲ್ಲಿ ಒಪ್ಪಿಗೆ ಪಡೆಯಿತು. ಯಕೃತ್ತಿನಲ್ಲಿ ತಯಾರಾಗುವ ಕೆಟ್ಟ ಪ್ರೋಟೀನೊಂದು ನರಗಳಲ್ಲಿ ಕೂಡಿಕೊಳ್ಳುವ ಆನುವಂಶಿಕ ರೋಗಕ್ಕೆ ಅದು ಮದ್ದು. ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಇಳಿಸುವ ಇಂಕ್ಲಿಸಿರಾನ್ ಯೂರೋಪಿನಲ್ಲಿ ೨೦೨೦ರಲ್ಲಿ ಬಂದಿತು. ಆರಂಭದ ಎರಡು ಚುಚ್ಚುಮದ್ದುಗಳಾದ ಮೇಲೆ ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಇವೆರಡೂ ಒಂದೊಂದೇ ನಿರೂಪಕ್ಕೆ ಗುರಿಯಿಟ್ಟವು, ಯಕೃತ್ತಿನಲ್ಲಿ ಕೆಲಸ ಮಾಡುವವು.

೧೪೬-ಎ, ೧೫೫ರಂಥ ಸಹಜ ಸೂಕ್ಷ್ಮ ಆರ್.ಎನ್.ಎ.ಗಳ ಪಾಡು ಬೇರೆ. ಇವುಗಳಲ್ಲಿ ಒಂದೊಂದೂ ಹತ್ತಾರು, ಕೆಲವೊಮ್ಮೆ ನೂರಾರು ನಿರೂಪಗಳಿಗೆ ಕೂಡಬಲ್ಲದು. ಕೀಲಿನಲ್ಲಿ ಹಿತವೆನಿಸಿದ್ದು ರಕ್ತದಲ್ಲಿ ಅಹಿತವಾದೀತು. ೩೪-ಎ ಎಂಬ ತುಣುಕನ್ನು ಅನುಕರಿಸಿದ ಔಷಧವೊಂದನ್ನು ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದಾಗ, ರೋಗನಿರೋಧಕ ವ್ಯವಸ್ಥೆ ಕೆರಳಿ ಪ್ರಾಣಹಾನಿಯೂ ಆದುದರಿಂದ ೨೦೧೬ರಲ್ಲಿ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಆಂಬ್ರೋಸ್, ರವ್‌ಕುನ್ ಅವರಿಗೆ ನೊಬೆಲ್ ಬಂದ ವರ್ಷದವರೆಗೂ ಈ ಬಗೆಯ ಔಷಧ ಒಂದಾದರೂ ಒಪ್ಪಿಗೆ ಪಡೆದು ರೋಗಿಯ ಕೈಸೇರಿರಲಿಲ್ಲ.

ಆದುದರಿಂದ ಆರ್.ಎನ್.ಎ. ಹೆಸರು ಹೇಳಿ ಸಂಧಿವಾತಕ್ಕೆ ಪುಡಿಯನ್ನೋ ಮಾತ್ರೆಯನ್ನೋ ಮಾರಲು ಯಾರಾದರೂ ನಿಮ್ಮ ಮನೆಯ ಬಾಗಿಲಿಗೆ ಬಂದರೆ ನಂಬಬೇಡಿ. ಆರ್.ಎನ್.ಎ.ಯನ್ನು ನುಂಗಿದರೆ ಅದು ಜಠರ ಕರುಳುಗಳಲ್ಲಿ ಜೀರ್ಣವಾಗಿಹೋಗುತ್ತದೆ. ಮೇಲೆ ಹೇಳಿದ ಮದ್ದುಗಳನ್ನು ಚುಚ್ಚಿಯೇ ಕೊಡುವುದು ಅದಕ್ಕಾಗಿ. ಹೆಸರಿಲ್ಲದ ‘ವಾತದ ಪುಡಿ’ಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅಂಥವುಗಳಲ್ಲಿ ಸ್ಟೀರಾಯ್ಡನ್ನು ಗುಟ್ಟಾಗಿ ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾಗುತ್ತದೆ, ನಿಜ. ಆದರೆ ಕಾಯುವ ಉರಿಯೂ ಅದರೊಡನೆ ಆರಿ, ಮೈಯಲ್ಲಿ ಮಲಗಿದ್ದ ಕ್ಷಯದ ಕ್ರಿಮಿ ಎದ್ದೀತು, ಸಕ್ಕರೆ ಏರೀತು, ಮೂಳೆ ಸವೆದೀತು. ವೈದ್ಯರೇ ಬರೆದುಕೊಟ್ಟ ಸ್ಟೀರಾಯ್ಡನ್ನಾದರೋ ಅವರನ್ನು ಕೇಳದೆ ಥಟ್ಟನೆ ನಿಲ್ಲಿಸುವುದೂ ಅಪಾಯ.

ಮುಳ್ಳು ಚುಚ್ಚಿದ ಊತ ಕೆಲವು ದಿನಗಳಲ್ಲಿ ಇಳಿದರೆ ನಿಮ್ಮ ಕೋಶಗಳು ತಮ್ಮ ಆಜ್ಞೆಯನ್ನು ಸರಿಯಾಗಿ ಬರೆದಿವೆಯೆಂದು ತಿಳಿದು ನೆಮ್ಮದಿಯಿಂದಿರಿ. ಊತ ಹರಡುತ್ತ ಹೋದರೆ, ಚಳಿಜ್ವರ ಬಂದರೆ ವೈದ್ಯರಲ್ಲಿಗೆ ಹೋಗಿ. ಬೆರಳ ಗೆಣ್ಣುಗಳು ಬಾತು, ಬೆಳಿಗ್ಗೆ ಎದ್ದಾಗ ಗಂಟೆಗಟ್ಟಲೆ ಸೆಟೆದುಕೊಂಡು, ಆರು ವಾರಗಳಾದರೂ ಹಾಗೆಯೇ ಇದ್ದರೆ, ‘ವಯಸ್ಸಾಯಿತು, ಚಳಿಗಾಲ’ ಎಂದು ಸಮಾಧಾನ ಹೇಳಿಕೊಳ್ಳಬೇಡಿ. ರುಮಟಾಯ್ಡ್ ಸಂಧಿವಾತಕ್ಕೆ ಒಳ್ಳೆಯ ಔಷಧಗಳು ಈಗಲೇ ಇವೆ. ಮೊದಲ ತಿಂಗಳುಗಳಲ್ಲಿ ಆರಂಭಿಸಿದರೆ ಕೀಲು ಉಳಿಯುತ್ತದೆ, ತಡವಾದರೆ ಸೊಟ್ಟಗಾದ ಬೆರಳನ್ನು ಯಾವ ಮದ್ದೂ ನೆಟ್ಟಗೆ ಮಾಡದು. ಮನೆಯ ಹೆಣ್ಣುಮಗಳು ತಿಂಗಳುಗಟ್ಟಲೆ ಆಯಾಸ, ಕೀಲುನೋವು, ಜ್ವರ ಎಂದು ಹೇಳುತ್ತಿದ್ದರೆ ಅವಳ ಮಾತನ್ನು ಪೂರ್ತಿ ಕೇಳಿ, ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ.